ಗೋಡೆಗೂ ಉಸಿರಾಡೋಕೆ ಬಿಡ್ರಪ್ಪಾ!

ಮೊನ್ನೆ ಶನಿವಾರ ಅಪ್ಪನ ಜೊತೆ ಒಂದು ಮ್ಯೂಸಿಯಂಗೆ ಹೋಗಿದ್ದೆ. ಯಾವೂರು, ಯಾವ ಮ್ಯೂಸಿಯಂ ಅಂತ ಹೇಳೋಲ್ಲ, ಅದೊಂದರದ್ದೇ ತಪ್ಪಲ್ಲ. ನೂರು ವರ್ಷ ದಾಟಿದ ಕಟ್ಟಡ. ಎರಡಡಿ ದಪ್ಪದ ಗೋಡೆ, ಸುಣ್ಣದ ಗಾರೆ, ಎತ್ತರದ ಛಾವಣಿ, ಸುತ್ತ ಜಗಲಿ. ಹೊಸದಾಗಿ 'ನವೀಕರಣ' ಆಗಿದೆ ಅಂತ ಬಾಗಿಲಲ್ಲೇ ಫಲಕ ಇತ್ತು.

ಒಳಗೆ ಹೋದರೆ.. ಗೋಡೆಗೆ ಸಾಲಾಗಿ ತೂತು ಕೊರೆದು ಆರು ಸ್ಪ್ಲಿಟ್ ಎಸಿ ಕೂರಿಸಿದ್ದಾರೆ. ಮೇಲಿನ ಗವಾಕ್ಷಿಗಳಿಗೆಲ್ಲ ಪ್ಲೈವುಡ್ ಹೊಡೆದಿದ್ದಾರೆ. ಗೋಡೆಗೆ ಫಳಫಳ ಪ್ಲಾಸ್ಟಿಕ್ ಪೇಂಟು. ರಿಮೋಟಿನಲ್ಲಿ 18 ಡಿಗ್ರಿ. ಕಾವಲಿಗೆ ಕೂತಿದ್ದ ಅಜ್ಜ ಸ್ವೆಟರ್ ಹಾಕ್ಕೊಂಡಿದ್ದರು!

"ರಾತ್ರಿನೂ ಎಸಿ ಓಡತ್ತಾ ಅಜ್ಜಾ?" ಅಂದೆ.
"ಎಲ್ಲಿ ಸಾರ್, ಐದೂವರೆಗೆ ಮೇನ್ ಸ್ವಿಚ್ಚೇ ತೆಗೀತೀವಿ. ಕರೆಂಟ್ ಬಿಲ್ ನೋಡ್ಬೇಕಲ್ಲ" ಅಂದರು.

ಅಲ್ಲೇ ಪಕ್ಕದಲ್ಲಿ ಮರದ ಹಲಗೆಯ ಮೇಲಿನ ಒಂದು ಚಿತ್ರ. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. "ಹಳೇದಲ್ವೇನೋ, ಹಾಗೇ ಇರತ್ತೆ" ಅಂದರು ಅಪ್ಪ. ಹಳೇದು ಅನ್ನೋದೊಂದೇ ಕಾರಣ ಅಲ್ಲ ಅಪ್ಪಾ ಅನ್ನೋಣ ಅನ್ನಿಸಿತು, ಸುಮ್ಮನಾದೆ. ಆ ಸಿಟ್ಟನ್ನು ಇಲ್ಲಿ ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನೀಗ ಹೊಟ್ಟೆಪಾಡಿಗೆ ಕೋಡ್ ಬರೆಯೋನು, ಆದರೆ ಓದಿದ್ದು ಮೆಕ್ಯಾನಿಕಲ್. ಸೈಕ್ರೋಮೆಟ್ರಿಕ್ ಚಾರ್ಟು ಅಂತ ಒಂದು ಇರುತ್ತೆ, ಪರೀಕ್ಷೆಗೆ ಉರು ಹೊಡೆದು ಮರೆತುಬಿಡೋದು. ಅದು ಹೇಳೋದಿಷ್ಟೇ: 30 ಡಿಗ್ರಿಯ, ಶೇ. 60 ತೇವದ ಗಾಳಿ ಸುಮಾರು 21 ಡಿಗ್ರಿಗೆ ತಣ್ಣಗಾದರೆ ನೀರು ಬಿಡುತ್ತದೆ. ಹಗಲಿಡೀ 18 ಡಿಗ್ರಿಯಲ್ಲಿ ಗೋಡೆ ತಣ್ಣಗಾಗಿದೆ. ಸಂಜೆ ಎಸಿ ಬಂದ್. ಬಾಗಿಲ ಸಂದಿಯಿಂದ ಹೊರಗಿನ ಗಾಳಿ ನುಗ್ಗುತ್ತೆ. ಫ್ರಿಜ್ಜಿಂದ ತೆಗೆದ ಬಾಟಲಿ ಬೆವರೋ ಹಾಗೆ ಗೋಡೆ ಬೆವರುತ್ತೆ. ಸುಣ್ಣದ ಗೋಡೆ ಆ ತೇವ ಹೀರಿ ನಿಧಾನಕ್ಕೆ ಹೊರಗೆ ಬಿಡೋದು. ಅದರ ಬಾಯಿಗೂ ಪೇಂಟು ಬಳಿದಾಗಿದೆ.

ಮರ ತೇವಕ್ಕೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಅದರ ಮೇಲಿನ ಬಣ್ಣದ ಪದರ ಅಷ್ಟೇ ಹಿಗ್ಗೋಲ್ಲ, ಕುಗ್ಗೋಲ್ಲ. ದಿನಾ ಬೆಳಿಗ್ಗೆ ಸಂಜೆ ಈ ಜಗ್ಗಾಟ ನಡೆದರೆ ಚಕ್ಕೆ ಏಳದೆ ಇನ್ನೇನು? ಇಂಥ ವಸ್ತುಗಳಿಗೆ ಒಂದೆರಡು ಡಿಗ್ರಿ ಸೆಖೆಗಿಂತ ದೊಡ್ಡ ಶತ್ರು ಈ ಏರಿಳಿತ.

'ಅಂತಾರಾಷ್ಟ್ರೀಯ ಮಟ್ಟ ಬೇಡವೇ?' ಅನ್ನೋರಿಗೆ ಒಂದು ಮಾತು. ತೇವ ಶೇ. 50, ಆಚೀಚೆ ಐದೇ ಐದು ಅನ್ನೋ ಬಿಗಿ ನಿಯಮಕ್ಕೆ ಹಲವರು ಆಧಾರ ಮಾಡಿಕೊಳ್ಳೋದು ಗ್ಯಾರಿ ಥಾಮ್ಸನ್ 1978ರಲ್ಲಿ ಬರೆದ 'ದಿ ಮ್ಯೂಸಿಯಂ ಎನ್ವಿರಾನ್‌ಮೆಂಟ್' ಪುಸ್ತಕವನ್ನ. ಆ ಅಂಕಿಗೆ ಆಧಾರ ಯಂತ್ರದ ಸಾಮರ್ಥ್ಯವೇ ಹೊರತು ವಸ್ತು ಎಷ್ಟು ತಡೆಯುತ್ತೆ ಅನ್ನೋ ಆಳವಾದ ತಿಳಿವಳಿಕೆ ಅಲ್ಲ ಅಂತ ಅವರೇ ಒಪ್ಪಿಕೊಂಡಿದ್ದರು. ಆಮೇಲೆ ಜಗತ್ತಿನ ದೊಡ್ಡ ಮ್ಯೂಸಿಯಂಗಳ ಬಿಜೋ ಗುಂಪೇ ಹೆಚ್ಚಿನ ವಸ್ತುಗಳಿಗೆ 16ರಿಂದ 25 ಡಿಗ್ರಿ, ತೇವ ಶೇ. 40ರಿಂದ 60 ಸಾಕು, ದಿನದೊಳಗೆ ವಿಪರೀತ ಏರಿಳಿತ ಬೇಡ ಅಂತ ಸಡಿಲ ಮಾಡಿತು. ಅಲ್ಲಿನೋರು ಬಿಟ್ಟ ಅಂಗಿ ನಾವು ಹೊಸದು ಅಂತ ತೊಡ್ತಿದ್ದೀವಿ.

ಅದೂ ಎಲ್ಲಕ್ಕೂ ಬೇಡ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ವೀರಗಲ್ಲು ಇದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ಕಥೆ ಹೇಳೋ ಹತ್ತನೇ ಶತಮಾನದ ಕಲ್ಲು. ಕಲ್ಲಿಗೆ ಎಸಿ ಯಾಕ್ರೀ? ತಾಳೆಗರಿ, ಬಟ್ಟೆ, ಚಿತ್ರಪಟಗಳಿಗೆ ಬೇಕು ಸರಿ. ಅವನ್ನ ಒಂದು ಕೋಣೆಯಲ್ಲಿಟ್ಟು ಅದೊಂದಕ್ಕೇ ಮಾಡಿ, ಆದರೆ ಇಪ್ಪತ್ನಾಲ್ಕು ಗಂಟೆ ನಡೆಸಿ. ಇಲ್ಲವೇ ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಅದು ಕರೆಂಟು ಕೇಳೋಲ್ಲ.

ಇನ್ನು ಬೆಂಕಿಯ ಮಾತು. ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂ ಇದ್ದದ್ದು ಹಳೇ ಅರಮನೆಯಲ್ಲಿ. ಸಂಸ್ಥೆಗೆ ಇನ್ನೂರು ತುಂಬಿದ ವರ್ಷವೇ, 2018ರ ಸೆಪ್ಟೆಂಬರ್ 2ರ ರಾತ್ರಿ, ಹೊತ್ತಿ ಉರಿಯಿತು. ಸುಮಾರು 2 ಕೋಟಿ ವಸ್ತುಗಳ ಸಂಗ್ರಹದಲ್ಲಿ ಬಹುಪಾಲು ಬೂದಿ. ಈಗ ಆಡುವವರೇ ಉಳಿದಿಲ್ಲದ ಭಾಷೆಗಳ ದಾಖಲೆಗಳೂ ಅದರಲ್ಲಿದ್ದವು. ಬೆಂಕಿ ಶುರುವಾದದ್ದು ಸಭಾಂಗಣದ ಒಂದು ಎಸಿಯಿಂದ ಅಂತ ಪೊಲೀಸರು 2019ರಲ್ಲಿ ಹೇಳಿದರು. ಸ್ಪ್ರಿಂಕ್ಲರ್ ಇರಲಿಲ್ಲ, ಹತ್ತಿರದ ಹೈಡ್ರಂಟಲ್ಲಿ ನೀರೂ ಇರಲಿಲ್ಲ. ನಮ್ಮ ಅಜ್ಜ ತೆಗೆಯೋ ಮೇನ್ ಸ್ವಿಚ್ಚಿನ ಪಕ್ಕ ಜೋತಾಡ್ತಿದ್ದ ವೈರು ನೋಡಿದಾಗ ನನಗೆ ನೆನಪಾದದ್ದು ಇದೇ.

'ಎಸಿ ಇಲ್ಲದಿದ್ರೆ ಜನ ಬರ್ತಾರಾ?' ಅಂತ ಗೆಳೆಯ ಕೇಳಿದ. ಆ ಕಟ್ಟಡವನ್ನು ಸೆಖೆಯ ಊರಲ್ಲಿ ಜನ ಓಡಾಡಲಿ ಅಂತಲೇ ಕಟ್ಟಿದ್ದು ಮಾರಾಯ! ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೋಗಲಿ ಅಂತ ಎತ್ತರ, ಬಿಸಿಲು ಗೋಡೆಗೆ ಬೀಳದಿರಲಿ ಅಂತ ಜಗಲಿ. ಅದನ್ನು ಮುಚ್ಚಿ ಆಮೇಲೆ ಸೆಖೆ ಅಂದರೆ? ಮಂಗಳೂರಿನಂಥ ಕರಾವಳಿಯಲ್ಲಿ ಇಷ್ಟರಿಂದಲೇ ಆಗೋಲ್ಲ, ಒಪ್ಪಿದೆ. ಅಲ್ಲಿ ತೇವ ತೆಗೆಯೋ ಯಂತ್ರ ಬೇಕಾಗಬಹುದು. ಆದರೆ ಅಳೆದು ನೋಡಿ ತಾನೇ ಹೇಳಬೇಕು?

ನಮ್ಮ ಆಫೀಸಲ್ಲಿ ಹಳೇ ಕೋಡ್ ಮುಟ್ಟೋ ಮುಂಚೆ ಓದು ಅಂತಾರೆ. ಇಪ್ಪತ್ತು ವರ್ಷದಿಂದ ಓಡ್ತಿರೋ ಕೋಡಲ್ಲಿ ಯಾರೋ ಸುಮ್ಮನೆ ಬರೆದ ಸಾಲು ಅಂತ ಅಳಿಸಿದರೆ ಮಾರನೇ ದಿನ ಎಲ್ಲ ಬಿದ್ದಿರುತ್ತೆ. ಗವಾಕ್ಷಿಯೂ ಅಂಥದೇ ಸಾಲು. ಹಾಗಾಗಿ ಟೆಂಡರಿನ ಮೊದಲ ಸಾಲಲ್ಲಿ ಎಸಿ ಬರೆಯೋ ಬದಲು ಹೀಗೆ ಬರೆಯಿರಿ: ಒಂದು ವರ್ಷ ಪ್ರತಿ ಕೋಣೆಯ ಉಷ್ಣತೆ, ತೇವ ಅಳೆಯಿರಿ. ಸೋರೋ ಛಾವಣಿ, ಒಡೆದ ಮಳೆನೀರಿನ ಪೈಪು ಸರಿ ಮಾಡಿ. ಪೇಂಟು ಕೆರೆದು ಸುಣ್ಣ ಹಚ್ಚಿ. ಗವಾಕ್ಷಿಗೆ ಜಾಲರಿ ಹಾಕಿ ತೆರೆಯಿರಿ. ವೈರಿಂಗ್, ಬೆಂಕಿಯ ವ್ಯವಸ್ಥೆ ಹೊಸದಾಗಲಿ. ಇಷ್ಟಾದ ಮೇಲೂ ಬೇಕಿದ್ದರೆ ಯಂತ್ರ, ಅದೂ ನಾಳೆ ಬಿಚ್ಚಿದರೆ ಗೋಡೆಗೆ ಗಾಯ ಉಳಿಯದ ಹಾಗೆ. ಇದರಲ್ಲಿ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳೋಕೆ ಏನೂ ಸಿಗೋಲ್ಲ, ಗೊತ್ತು. ತೊಂದರೆ ಇರೋದೂ ಅಲ್ಲೇ.

ಮುಂದಿನ ಸಲ ನಿಮ್ಮೂರಿನ ಮ್ಯೂಸಿಯಂಗೆ ಹೋದಾಗ ಒಮ್ಮೆ ತಲೆಯೆತ್ತಿ ಗವಾಕ್ಷಿ ನೋಡಿ. ಮುಚ್ಚಿದ್ದರೆ ಯಾಕೆ ಅಂತ ಕೇಳಿ, ಉತ್ತರ ಬಂದರೆ ನಿಮ್ಮ ಬ್ಲಾಗಲ್ಲಿ ಬರೆಯಿರಿ. ಆ ಚಿತ್ರದ ಬಣ್ಣ ಅಷ್ಟರೊಳಗೆ ಇನ್ನೆಷ್ಟು ಉದುರಿರುತ್ತೋ..