ಓಡಲಾಕ ಬೇಕು, ಕಲಿಸಲಾಕ ಬ್ಯಾಡ? ಬಣ್ಣ ನೋಡಿ ಕೋಚ್ ಆರಿಸಿದರ ಏನಾಗ್ತದ

ಹುಲಸೂರ: ಜೂನ್ ಬಂತಂದ್ರ ಖಾಸಗಿ ಶಾಲೆಗಳಲ್ಲಿ ಮಾಸ್ತರ ಹುಡುಕಾಟ ಶುರುವಾಗ್ತದ. ಗಣಿತಕ್ಕ, ಇಂಗ್ಲಿಷಿಗೆ ಬಂದವರ ಮಾರ್ಕ್ಸ್ ಕಾರ್ಡ್ ನೋಡ್ತಾರ. ಪಿ.ಟಿ. ಮಾಸ್ತರ ಕೆಲಸಕ್ಕ ಬಂದವನನ್ನ ಮಾತ್ರ ಬಹಳ ಕಡೆ ಮೊದಲು ಮ್ಯಾಲಿಂದ ಕೆಳಗ ನೋಡ್ತಾರ. ಎತ್ತರ ಎಷ್ಟು, ಬಣ್ಣ ಹೆಂಗ, ಪಾಲಕರ ಮುಂದ ನಿಲ್ಲಿಸಿದರ 'ಪರ್ಸನಾಲಿಟಿ' ಕಾಣ್ತದೋ ಇಲ್ಲೋ. ಜಾಹೀರಾತಿನಲ್ಲಿ ಇದನ್ನ ಯಾರೂ ಬರೆಯೋದಿಲ್ಲ, ಆದ್ರ ಎಲ್ಲಾರಿಗೂ ಗೊತ್ತದ.

ಮುಖ ನೋಡಿ ಆಟಗಾರರನ್ನ ಆರಿಸುವ ಕೆಲಸ ನಮ್ಮ ರಾಜ್ಯದಲ್ಲಿ ಒಮ್ಮೆ ಸರ್ಕಾರದ ಯೋಜನೆಯಾಗಿಯೇ ನಡೆದಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ (ಸಾಯ್) ವಿಶೇಷ ಪ್ರದೇಶ ಕ್ರೀಡಾ ಯೋಜನೆ ತಂದಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರ ಕೈಯಲ್ಲಿತ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳನ್ನ ಆರಿಸಿ ಹಾಸ್ಟೆಲ್‌ಗಳಿಗೆ ಒಯ್ದರು. ಲೆಕ್ಕ ಸರಳವಾಗಿತ್ತು: ಸಿದ್ದಿಗಳ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಒಲಿಂಪಿಕ್ಸ್‌ನಲ್ಲಿ ಓಡಿ ಗೆಲ್ಲುವವರೂ ಆಫ್ರಿಕಾ ಮೂಲದವರು, ಅಂದ್ಮ್ಯಾಲ ಇವರೂ ಗೆಲ್ತಾರ.

ಕೆಲವರು ಗೆದ್ದರು ಕೂಡ. ಕಮಲಾ ಸಿದ್ದಿ, ಜುಜೆ ಜಾಕಿ ಹರ್ನೋಡ್ಕರ್ ಅಂಥವರು ರಾಷ್ಟ್ರ ಮಟ್ಟದಲ್ಲಿ ಹೆಸರು ಮಾಡಿದರು. ಆದ್ರ 1993ರಲ್ಲಿ ಸಿದ್ದಿಗಳಿಗೆ ಯೋಜನೆ ನಿಂತೇ ಹೋಯಿತು. ಬಹಳ ಮಕ್ಕಳು ಮತ್ತೆ ಊರು, ಕಾಡು, ಹೊಲ ಅಂತ ವಾಪಸ್ ಬಂದರು.

ಆ ಲೆಕ್ಕದಲ್ಲೇ ತಪ್ಪಿತ್ತು. ಆಫ್ರಿಕಾ ಅಂದ್ರ ಒಂದು ಊರಲ್ಲ. ದೂರದ ಓಟದಲ್ಲಿ ಗೆಲ್ಲುವ ಕೀನ್ಯಾದವರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ಪ್ರದೇಶದ ಕಲೆಂಜಿನ್ ಸಮುದಾಯದವರು. ಅಲ್ಲಿಯ ಇಟೆನ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಮ್ಯಾಲ ಅದ. ನೂರು ಮೀಟರ್ ಓಟದ ಜಮೈಕಾದವರ ಮೂಲ ಪಶ್ಚಿಮ ಆಫ್ರಿಕಾ. ಯಲ್ಲಾಪುರದ ಹುಡುಗನಿಗೂ ಇವರಿಬ್ಬರಿಗೂ ಗುಂಗುರು ಕೂದಲು ಒಂದೇ ಥರ ಅದ ಅಂದ್ರ ಕಾಲೂ ಒಂದೇ ಥರ ಓಡಬೇಕಂತಿಲ್ಲ.

ಇನ್ನೊಂದು ಮಾತು. ಇಟೆನ್‌ನಲ್ಲಿ ಚಾಂಪಿಯನ್‌ಗಳನ್ನ ತಯಾರು ಮಾಡಿದವರಲ್ಲಿ ದೊಡ್ಡ ಹೆಸರು ಐರ್ಲೆಂಡಿನ ಬಿಳಿ ಮಿಷನರಿ ಬ್ರದರ್ ಕೋಲಮ್ ಓಕಾನೆಲ್. 1976ರಲ್ಲಿ ಅಲ್ಲಿಯ ಶಾಲೆಗೆ ಭೂಗೋಳ ಕಲಿಸಲಾಕ ಹೋದವರು. ಓಟದ ಅನುಭವ ಏನೂ ಇರಲಿಲ್ಲ. ನೋಡಿ ನೋಡಿ ಕಲಿತರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನ 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಮಾಡಿದ ಡೇವಿಡ್ ರುಡಿಶಾ ಅವರ ಶಿಷ್ಯ. ಮುಖ ನೋಡಿ ಕೋಚ್ ಆರಿಸುವಂಗಿದ್ದರ ಈ ಬ್ರದರನ್ನ ಯಾರು ಕೇಳ್ತಿದ್ದರು?

ಓಡಲಾಕ ಆರಿಸಿದ ಮಕ್ಕಳು ಮುಂದ ಕೋಚ್ ಆಗಲಾಕ ದಾರಿ ಎಲ್ಲಿ ತಪ್ತದ ಅಂಬುದು ನೋಡಬೇಕು. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಗೆ ಸಾಮಾನ್ಯವಾಗಿ ಪದವಿ ಕೇಳ್ತಾರ. ನಮ್ಮ ಪ್ರಾಥಮಿಕ ಶಾಲೆಗೆ ಸಿ.ಪಿ.ಎಡ್, ಹೈಸ್ಕೂಲಿಗೆ ಬಿ.ಪಿ.ಎಡ್ ಬೇಕು. ಹತ್ತು ಹನ್ನೆರಡು ವಯಸ್ಸಿಗೆ ಹಾಸ್ಟೆಲ್ ಸೇರಿ, ಅರ್ಧಕ್ಕ ಯೋಜನೆ ನಿಂತು ಊರಿಗೆ ಬಂದವನ ಹತ್ರ ಪದಕ ಇದ್ದೀತು, ಸರ್ಟಿಫಿಕೇಟ್ ಇರೋದಿಲ್ಲ. ಬಣ್ಣದ ಹೆಸರು ತೆಗೆಯದೆಯೇ ಅವನು ಹೊರಗ ಉಳೀತಾನ.

ಇದು ಸಿದ್ದಿಗಳಿಗಷ್ಟೇ ಇರುವ ತ್ರಾಸಲ್ಲ. ಕರ್ನಾಟಕದ ವೇಗದ ಬೌಲರ್ ದೊಡ್ಡ ಗಣೇಶ್ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 365 ವಿಕೆಟ್ ಕಿತ್ತವರು, ಭಾರತಕ್ಕ ನಾಲ್ಕು ಟೆಸ್ಟ್ ಆಡಿದವರು. ಆಡುವ ದಿನಗಳಲ್ಲಿ ಮೈಬಣ್ಣದ ಬಗ್ಗೆ ಮಾತು ಕೇಳಬೇಕಾಯಿತು ಅಂತ 2020ರಲ್ಲಿ ಅವರೇ ಹೇಳಿಕೊಂಡರು. ತಮಿಳುನಾಡಿನ ಅಭಿನವ್ ಮುಕುಂದ್ 2017ರಲ್ಲೇ ಇಂಥದ್ದೇ ಅನುಭವ ಬರೆದಿದ್ದರು. ಗಣೇಶ್ ಮುಂದ ಗೋವಾ ತಂಡಕ್ಕ ಕೋಚ್ ಆದರು. 2024ರ ಆಗಸ್ಟ್‌ನಲ್ಲಿ ಕೀನ್ಯಾ ತಂಡಕ್ಕ ಹೆಡ್ ಕೋಚ್ ಆದರು, ತಿಂಗಳೊಪ್ಪತ್ತಿನಲ್ಲೇ ಆ ನೇಮಕ ರದ್ದಾಯಿತು. ಅದಕ್ಕ ಕೊಟ್ಟ ಕಾರಣ ನೇಮಕದ ನಿಯಮ ಪಾಲಿಸಿಲ್ಲ ಅಂಬುದು. ಬಣ್ಣಕ್ಕೂ ಅದಕ್ಕೂ ಗಂಟು ಹಾಕುವಂಗಿಲ್ಲ. ಆದ್ರ ದೇಶಕ್ಕ ಆಡಿದ ಮನುಷ್ಯನೇ ಈ ಮಾತು ಕೇಳಬೇಕಾದರ, ಬಿ.ಪಿ.ಎಡ್ ಮುಗಿಸಿ ಅರ್ಜಿ ಹಿಡಿದು ತಿರುಗುವ ಹಳ್ಳಿ ಹುಡುಗನ ಗತಿ ಏನು?

ಅಮೆರಿಕದಲ್ಲಿ ಇದರ ಮ್ಯಾಲ ಕೋರ್ಟ್ ಕೇಸೇ ನಡದದ. ಅಲ್ಲಿಯ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರರು ಕಪ್ಪು ಜನ. ಹೆಡ್ ಕೋಚ್ ಮಾತ್ರ ಬೆರಳೆಣಿಕೆ. 2003ರಲ್ಲಿ 'ರೂನಿ ನಿಯಮ' ಬಂತು. ಅದು ನಮ್ಮ 371ಜೆ ಹಂಗ ಸೀಟು ಹಿಡಿದಿಡೋದಿಲ್ಲ; ಹೆಡ್ ಕೋಚ್ ಹುದ್ದೆ ಖಾಲಿ ಆದಾಗ ಬಿಳಿಯರಲ್ಲದ ಒಬ್ಬನನ್ನಾದರೂ ಇಂಟರ್‌ವ್ಯೂಗೆ ಕರೀರಿ ಅಂತಷ್ಟೇ ಆಗ ಹೇಳಿತ್ತು. 2022ರ ಫೆಬ್ರವರಿಯಲ್ಲಿ ಬ್ರಯಾನ್ ಫ್ಲೋರೆಸ್ ಅನ್ನುವ ಕೋಚ್ ಕೇಸ್ ಹಾಕಿದಾಗ 32 ತಂಡಗಳಲ್ಲಿ ಒಬ್ಬನೇ ಕಪ್ಪು ಹೆಡ್ ಕೋಚ್ ಇದ್ದ. ನ್ಯೂಯಾರ್ಕ್‌ನ ಒಂದು ತಂಡ ಬ್ಯಾರೆಯವನನ್ನ ಮೊದಲೇ ಗೊತ್ತು ಮಾಡಿ, ಲೆಕ್ಕ ತೋರಿಸಲಾಕ ತನ್ನನ್ನ ಕರೀತು ಅಂಬುದು ಅವರ ಆರೋಪ. ತಂಡ ಒಪ್ಪಿಲ್ಲ. 'ಇಂಟರ್‌ವ್ಯೂ ಬರೀ ಹೆಸರಿಗೆ, ಮಂದಿ ಮೊದಲೇ ಫಿಕ್ಸ್' ಅಂಬ ಮಾತು ನಮ್ಮ ಚಹಾದಂಗಡಿಗಳಿಗೂ ಹೊಸದಲ್ಲ.

ಕಾನೂನು? ಸಂವಿಧಾನದ 16(2)ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಜನಾಂಗ, ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಭೇದ ಮಾಡಬಾರದು ಅಂತದ. ಮೈಬಣ್ಣ ಅಂಬ ಶಬ್ದ ಅದರಲ್ಲಿಲ್ಲ. ಖಾಸಗಿ ಶಾಲೆ, ಖಾಸಗಿ ಅಕಾಡೆಮಿ ಆ ವಿಧಿಯ ಹೊರಗ. ಸಿದ್ದಿಗಳಿಗೆ ಉತ್ತರ ಕನ್ನಡದಲ್ಲಿ 2003ರಲ್ಲಿ, ಧಾರವಾಡ, ಬೆಳಗಾವಿಯಲ್ಲಿ 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಜಾಗ ಸಿಕ್ಕಿತು. 1987ರಲ್ಲಿ ಆಯ್ಕೆಯಾದವರ ವಯಸ್ಸು 2020ರ ಹೊತ್ತಿಗೆ ಕೆಲಸ ಹುಡುಕುವ ವಯಸ್ಸು ದಾಟಿತ್ತು.

ಬೀದರ ಜಿಲ್ಲೆಯವರಿಗೆ ಆಫ್ರಿಕಾದ ಮುಖ ಹೊಸದೇನಲ್ಲ. ಬೀದರಿನ ಹಬಶಿ ಕೋಟ್ ಗುಡ್ಡದ ಹೆಸರೇ ಹೇಳ್ತದ. ಬಹಮನಿ ಕಾಲದಲ್ಲಿ ಹಬಶಿಗಳು ಇಲ್ಲಿ ಸೈನಿಕರಾಗಿ, ಸರದಾರರಾಗಿ ಇದ್ದರು. ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದನಗರದ ಪೇಶ್ವೆಯಾಗಿ, ದಖ್ಖನಿನ ಸವಾರರಿಗೆ ಮೊಗಲರ ವಿರುದ್ಧ ಅಡಗಿ ಹೊಡೆಯುವ ಯುದ್ಧ ಕಲಿಸಿದ. ಆ ಕಾಲದ ಕೋಚ್ ಅಂದ್ರೂ ನಡೀತದ.

ಜಾತ್ರೆ ಕಬಡ್ಡಿಗೆ ಪಟ್ಟಿ ಕೊಡುವ ಅಂಗಡಿಯವರು, ಫೀ ಕಟ್ಟುವ ಪಾಲಕರು ಶಾಲೆಯವರನ್ನ ಒಂದು ಮಾತು ಕೇಳಬಹುದು: ಪಿ.ಟಿ. ಮಾಸ್ತರನ್ನ ಆಫೀಸಿನ ಕುರ್ಚಿ ಮುಂದ ನಿಲ್ಲಿಸಿ ಆರಿಸಿದಿರೋ, ಮೈದಾನದಾಗೋ? ಇಪ್ಪತ್ತು ಹುಡುಗರನ್ನ ಅರ್ಧ ತಾಸು ಅವನ ಕೈಗೆ ಒಪ್ಪಿಸಿ ನೋಡಲಾಕ ರೂಪಾಯಿ ಖರ್ಚಿಲ್ಲ.