ಮನೆಪಾಠವೂ ಊರಶಾಲೆಯೂ

ಶಿರಸಿ ತಾಲ್ಲೂಕಿನ ಮತ್ತಿಘಟ್ಟ ಸಹ್ಯಾದ್ರಿಯ ಮಡಿಲಿನಲ್ಲಿರುವ ಊರು. ಹೆಸರಿನಲ್ಲಿಯೇ ಮತ್ತಿಯ ಮರವೂ ಘಟ್ಟವೂ ಕೂಡಿವೆ. ಘಟ್ಟದ ಮೇಲಿನ ಇಂಥ ಊರುಗಳಲ್ಲಿ ಮನೆಗಳು ಬಯಲುಸೀಮೆಯ ಹಳ್ಳಿಗಳಲ್ಲಿರುವಂತೆ ಒಂದರ ಮಗ್ಗುಲಿಗೆ ಒಂದು ನಿಂತಿರುವುದಿಲ್ಲ. ಕಣಿವೆಗೊಂದು ಅಡಿಕೆಯ ತೋಟ, ತೋಟದ ಅಂಚಿನಲ್ಲಿ ಒಂದೆರಡು ಮನೆ, ಅದರ ಮೇಲೆ ಸೊಪ್ಪಿನ ಬೆಟ್ಟ, ಕಾಡು, ಹಳ್ಳ. ಹಳ್ಳದ ಆಚೆಗೆ ಇನ್ನೊಂದು ಮನೆ. ಮಳೆಗಾಲ ಬಂದಿತೆಂದರೆ ಬೇಸಗೆಯಲ್ಲಿ ಹಾರಿ ದಾಟುತ್ತಿದ್ದ ಹಳ್ಳವೇ ಊರನ್ನು ಎರಡಾಗಿ ಕಡಿದುಬಿಡುತ್ತದೆ. ಅಡಿಕೆಯ ಮರಗಳನ್ನು ಅಡ್ಡ ಹಾಸಿ ಕಟ್ಟಿದ ಕಾಲುಸಂಕವೇ ಆಗ ಸೇತುವೆ. ಏಳು ವರ್ಷದ ಮಗುವೊಂದು ಬೆನ್ನಿಗೆ ಪಾಟಿಚೀಲ ಹಾಕಿ, ಕೈಯಲ್ಲಿ ಕೊಡೆ ಹಿಡಿದು ಆ ಸಂಕವನ್ನು ದಾಟುವುದನ್ನು ದಡದಲ್ಲಿ ನಿಂತು ನೋಡುವ ತಾಯಿಗೆ, ಈ ನಾಲ್ಕು ತಿಂಗಳು ಮನೆಯಲ್ಲಿಯೇ ಪಾಠ ಹೇಳಿಕೊಟ್ಟರೆ ಸಾಲದೇ ಎಂಬ ಯೋಚನೆ ಬಂದರೆ ಅದನ್ನು ತಪ್ಪೆನ್ನುವವರು ಯಾರು?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಕುಟುಂಬಗಳು ಇಂದು ನಗರಗಳಲ್ಲಿಯೂ ಕಾಣಸಿಗುತ್ತವೆ. ಬೆಂಗಳೂರಿನಂಥ ಊರಿನಲ್ಲಿ ಹಳ್ಳವೂ ಇಲ್ಲ, ಸಂಕವೂ ಇಲ್ಲ. ಶಾಲೆಗಳಿಗಂತೂ ಕೊರತೆಯೇ ಇಲ್ಲ. ಅಲ್ಲಿನ ತಂದೆತಾಯಿಗಳು ಹೇಳುವ ಕಾರಣಗಳು ಬೇರೆ. ಅಂಕಗಳ ಓಟದಲ್ಲಿ ಮಗುವಿನ ಕುತೂಹಲ ಬತ್ತಿಹೋಗುತ್ತದೆಂಬುದು ಒಂದು ಕಾರಣ. ನಿಧಾನವಾಗಿ ಕಲಿಯುವ ಮಗುವೂ ಬೇಗ ಕಲಿಯುವ ಮಗುವೂ ಒಂದೇ ಗಂಟೆಯ ಸದ್ದಿಗೆ ಏಳಬೇಕು, ಕೂಡಬೇಕು ಎಂಬುದು ಇನ್ನೊಂದು. ತರಗತಿಯ ಹಂಗಿಸುವಿಕೆಯನ್ನು ತಾಳಲಾರದ ಮಗುವೂ ಉಂಟು. ಶುಲ್ಕದ ಹೊರೆಯನ್ನು ತಾಳಲಾರದ ತಂದೆಯೂ ಉಂಟು. ಇವುಗಳಲ್ಲಿ ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಈ ಯೋಚನೆಗೆ ದೊಡ್ಡವರ ಬೆಂಬಲವೂ ಇದೆ. ಇವಾನ್ ಇಲಿಚ್ ಎಂಬ ಚಿಂತಕನು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಲಿಕೆಯೆಂದರೆ ಶಾಲೆಯೇ ಎಂದು ನಂಬಿರುವ ಸಮಾಜವನ್ನು ಕಟುವಾಗಿ ಪ್ರಶ್ನಿಸಿದನು. ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು ಬಾಲ್ಯದಲ್ಲಿ ಶಾಲೆಗೆ ಒಗ್ಗದೆ ಮನೆಯಲ್ಲಿಯೇ ಹೆಚ್ಚು ಕಲಿತವರು. ಅವರೇ ಮುಂದೆ 1901ರಲ್ಲಿ ಶಾಂತಿನಿಕೇತನದಲ್ಲಿ ಮರದ ನೆರಳಿನ ಶಾಲೆಯೊಂದನ್ನು ತೆರೆದರೆಂಬುದನ್ನೂ ಮರೆಯಬಾರದು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರ ನಿದರ್ಶನವಿದೆ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ಕುರಿತು ಪ್ರಯೋಗಗಳನ್ನು ನಡೆಸಿದ, ಮಕ್ಕಳಿಗಾಗಿಯೇ ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದ ಕಾರಂತರು ತಮ್ಮ ಮಕ್ಕಳಿಗೂ ಮೊದಲ ವರ್ಷಗಳಲ್ಲಿ ಮನೆಯೇ ಶಾಲೆಯಾಗಲೆಂದು ಬಗೆದವರು. ಆದರೆ ಎಲ್ಲ ಮನೆಗಳಲ್ಲಿಯೂ ಕಾರಂತರಿರುವುದಿಲ್ಲ.

ಕಾರಂತರಿಲ್ಲದ ಮನೆಯಲ್ಲಿಯೂ ಕಲಿಯುವುದಕ್ಕೆ ಬೇಕಾದಷ್ಟಿದೆ ಎಂಬುದಕ್ಕೆ ಮತ್ತಿಘಟ್ಟದ ಸೀಮೆಯ ಒಂದು ತೋಟವೇ ಸಾಕ್ಷಿ. ಮುಂಗಾರು ಹಿಡಿಯುವ ಮೊದಲು ಅಡಿಕೆಯ ಕೊನೆಗಳಿಗೆ ಕೊಳೆರೋಗ ತಗಲದಂತೆ ಔಷಧ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಬೋರ್ಡೋ ದ್ರಾವಣದ ಲೆಕ್ಕ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿ, ಅನಂತರ ಕೂಡಿಸುತ್ತಾರೆ. ಕೂಡಿಸಿದ ಮೇಲೆ ಮನೆಯ ಹಿರಿಯರು ಉಜ್ಜಿ ಹೊಳಪಿಸಿದ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ ನೋಡುವುದುಂಟು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಬೆರೆಯಬೇಕು. ನೂರಕ್ಕೆ ಒಂದೆಂಬ ಪ್ರಮಾಣವನ್ನು ಮಗು ಇಲ್ಲಿ ಕಣ್ಣಾರೆ ಕಾಣುತ್ತದೆ. ಮರದ ಮೇಲಿಂದ ಮರಕ್ಕೆ ತೂಗಿ ದಾಟುವ ಕೊನೆಗೌಡನ ಕೌಶಲವನ್ನು ನೋಡುತ್ತದೆ. ಯಾವ ಸೊಪ್ಪು ಗೊಬ್ಬರಕ್ಕೆ ಒಳ್ಳೆಯದು, ಯಾವ ಮರದ ಅಪ್ಪೆಮಿಡಿ ಉಪ್ಪಿನಲ್ಲಿ ವರ್ಷವಿಡೀ ನಿಲ್ಲುತ್ತದೆ, ಚಾಲಿಗೂ ಕೆಂಪಡಿಕೆಗೂ ಏನು ಭೇದ, ಸೊಸೈಟಿಯ ವ್ಯಾಪಾರದ ಚೀಟಿಯನ್ನು ಓದುವುದು ಹೇಗೆ, ಇವೆಲ್ಲ ಯಾರೂ ಪಾಠವೆಂದು ಹೇಳದ ಪಾಠಗಳು. ರಾತ್ರಿ ತಾಳಮದ್ದಲೆಯೊಂದು ನಡೆದರೆ ಅದರ ಮಾತಿನ ಚಕಮಕಿಯಿಂದ ದೊರೆಯುವ ಭಾಷೆ ಯಾವ ವ್ಯಾಕರಣಕ್ಕೂ ಕಡಿಮೆಯದಲ್ಲ. ಇಂಥ ಮಗು ಬೆಳಗಿನಿಂದ ಸಂಜೆಯವರೆಗೆ ನಾಲ್ಕು ಗೋಡೆಗಳ ನಡುವೆ ಕುಳಿತು ಎಂದೂ ಕಾಣದ ಊರುಗಳ ಹೆಸರುಗಳನ್ನು ಉರುಹೊಡೆಯುವುದನ್ನು ಕಂಡ ಹಿರಿಯರಿಗೆ, ಮನೆಯ ಪಾಠವೇ ಲೇಸೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೂ ಚಾಕುವಿನ ಅಲಗು ಕೆಂಪಾದುದೇಕೆ? ಉಳಿದುಕೊಂಡ ಮೈಲುತುತ್ತದಲ್ಲಿರುವ ತಾಮ್ರವು ಕಬ್ಬಿಣದ ಮೇಲೆ ಬಂದು ಕೂಡುವುದರಿಂದ. ಮನೆಯಲ್ಲಿ ಇದನ್ನು ಮಾಡಬಲ್ಲವರು ಬಹಳ ಮಂದಿ. ಕಾರಣವನ್ನು ಹೇಳಬಲ್ಲವರು ಕೆಲವರು. ತಂದೆಗೆ ತಿಳಿದಷ್ಟೇ ಮಗನಿಗೆ ದೊರೆಯುವುದು ಮನೆಪಾಠದ ಮೊದಲ ಮಿತಿ.

ಇನ್ನೊಂದು ಮಿತಿಯನ್ನು ತಿಳಿಯಲು ಗಾಂಧೀಜಿಯವರ ಆತ್ಮಕಥೆಯನ್ನು ತೆರೆಯಬೇಕು. ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರು ತಮ್ಮ ಮಕ್ಕಳನ್ನು ಅಲ್ಲಿನ ಶಾಲೆಗಳಿಗೆ ಕಳುಹಿಸಲು ಒಪ್ಪಲಿಲ್ಲ. ಜೋಹಾನ್ಸ್‌ಬರ್ಗಿನಲ್ಲಿ ಕಚೇರಿಗೆ ಹೋಗಿ ಬರುವ ಸುಮಾರು ಐದು ಮೈಲು ದಾರಿಯಲ್ಲಿ ಮಕ್ಕಳನ್ನು ಜೊತೆಗೆ ನಡೆಸಿಕೊಂಡು, ಮಾತಿನಲ್ಲಿಯೇ ಪಾಠ ಹೇಳಿದರು. ಅವರ ಉದ್ದೇಶದಲ್ಲಿ ಕೊರತೆಯಿರಲಿಲ್ಲ, ಬಿಡುವಿನ ಕೊರತೆಯಿತ್ತು. ಮಕ್ಕಳಿಗೆ ಸಲ್ಲಬೇಕಾದಷ್ಟು ಅಕ್ಷರವಿದ್ಯೆ ಸಲ್ಲಲಿಲ್ಲವೆಂದು ಅವರೇ ಬರೆದಿದ್ದಾರೆ. ಮಕ್ಕಳ ಮನಸ್ಸಿನಲ್ಲಿ ಈ ಕೊರಗು ಉಳಿದುದನ್ನೂ ಮುಚ್ಚಿಟ್ಟಿಲ್ಲ. ತೀರ್ಮಾನ ತಂದೆಯದು, ಅದನ್ನು ಬಾಳುವವರು ಮಕ್ಕಳು. ಮನೆಪಾಠವನ್ನು ಆರಿಸಿಕೊಳ್ಳುವ ಕುಟುಂಬವು ಈ ಪುಟಗಳನ್ನು ಒಮ್ಮೆಯಾದರೂ ಓದುವುದು ಒಳ್ಳೆಯದು.

ಇದು ಆಯಾ ಮನೆಯ ಮಗುವಿನ ಮಾತಾಯಿತು. ಘಟ್ಟದ ಊರಿನಲ್ಲಿ ಮಾತು ಇಲ್ಲಿಗೆ ಮುಗಿಯುವುದಿಲ್ಲ. ನಗರದಲ್ಲಿ ಒಂದು ಮಗು ಶಾಲೆಯನ್ನು ಬಿಟ್ಟರೆ ಶಾಲೆಗೆ ಅದರ ಅರಿವೂ ಆಗದು. ಕಣಿವೆಯ ಶಾಲೆಯೊಂದರಲ್ಲಿ ಐದು ತರಗತಿಗಳಿಗೂ ಸೇರಿ ಹತ್ತು ಹನ್ನೆರಡು ಮಕ್ಕಳಿದ್ದರೆ, ಮೂವರು ಹೊರಟುಹೋದಾಗ ಹಾಜರಿಪುಸ್ತಕವೇ ಬಡವಾಗುತ್ತದೆ. ಮಕ್ಕಳು ಕಡಿಮೆಯಾದಂತೆ ಶಾಲೆ ಉಳಿಯುವುದೇ ಕಷ್ಟವಾಗುತ್ತದೆ. ಓದುಬಲ್ಲ ಮನೆಯವರು ಮಗುವನ್ನು ಮನೆಯಲ್ಲಿಟ್ಟುಕೊಂಡು ಕಲಿಸಿಯಾರು, ಅಥವಾ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಕಳುಹಿಸಿಯಾರು. ಊರಶಾಲೆಯ ಮಟ್ಟಿಗೆ ಎರಡರ ಫಲವೂ ಒಂದೇ. ಆದರೆ ಅದೇ ತೋಟಕ್ಕೆ ಕೂಲಿಗೆ ಬರುವವನ ಮಗಳಿಗೆ ಪಾಠ ಹೇಳಲು ಮನೆಯಲ್ಲಿ ಯಾರಿದ್ದಾರೆ? ಆಕೆಗೆ ಮಧ್ಯಾಹ್ನದ ಬಿಸಿಯೂಟವೂ ಪುಸ್ತಕವೂ ದೊರೆಯುವ ಒಂದೇ ತಾಣ ಹಳ್ಳದ ಬದಿಯ ಆ ಎರಡು ಕೋಣೆಗಳ ಕಟ್ಟಡ. ಅದರ ಬಾಗಿಲು ಮುಚ್ಚಿದರೆ ಆಕೆ ಮನೆಪಾಠಕ್ಕೆ ಹೋಗುವುದಿಲ್ಲ, ಸೊಪ್ಪಿಗೆ ಹೋಗುತ್ತಾಳೆ.

ಹಿಂದಿನ ಕಾಲದಲ್ಲಿ ಮನೆಯಲ್ಲಿಯೂ ಕೂಲಿಮಠದಲ್ಲಿಯೂ ವಿದ್ಯೆ ನಡೆಯುತ್ತಿದ್ದಾಗ ಯಾರು ಕಲಿತರು, ಯಾರು ಹೊರಗುಳಿದರು ಎಂಬುದನ್ನು ಇಲ್ಲಿ ನೆನೆಯಬೇಕು. ಮರಳಿನ ಮೇಲೆ ಬೆರಳಿನಿಂದ ಬರೆದು, ಮಗ್ಗಿಯನ್ನು ಬಾಯಿಪಾಠ ಮಾಡಿ ಜಾಣರಾದವರು ಕೆಲವೇ ಮನೆಗಳ ಗಂಡುಮಕ್ಕಳು. ಹೆಣ್ಣುಮಕ್ಕಳಿಗೂ ದುಡಿಯುವ ಜನರ ಮಕ್ಕಳಿಗೂ ಆ ಮರಳಿನ ಹಲಗೆ ಸಿಕ್ಕುವುದು ಅಪರೂಪವಾಗಿತ್ತು. ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಸಾರ್ವಜನಿಕ ಶಾಲೆ. ಆ ಕೆಲಸವನ್ನು ಅದು ಅರೆಮನಸ್ಸಿನಿಂದಲೇ ಮಾಡಿರಬಹುದು. ಬೇರೆ ಯಾವುದೂ ಅಷ್ಟನ್ನೂ ಮಾಡಲಿಲ್ಲ.

ಶಾಲೆಯು ಮನೆಗೇ ಬಂದುಬಿಟ್ಟರೆ ಏನಾಗುತ್ತದೆಂಬುದನ್ನು ನಾಡು ಒಮ್ಮೆ ಕಂಡಿದೆ. 2020ರ ಮಾರ್ಚಿಯಲ್ಲಿ ಕೊರೋನ ರೋಗದಿಂದಾಗಿ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದವು. ಮಲೆನಾಡಿನ ಮಕ್ಕಳು ಸಿಗ್ನಲನ್ನು ಹುಡುಕುತ್ತ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದರು. ಫೋನಿಲ್ಲದ ಮನೆಯ ಮಕ್ಕಳಿಗೆ ಗುಡ್ಡ ಹತ್ತಿಯೂ ಪ್ರಯೋಜನವಿರಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಶಿಕ್ಷಣ ಇಲಾಖೆಯು ‘ವಿದ್ಯಾಗಮ’ವೆಂಬ ಕಾರ್ಯಕ್ರಮವನ್ನು ಆರಂಭಿಸಿ, ಶಿಕ್ಷಕರು ಊರೂರಿಗೆ ಹೋಗಿ ಜಗಲಿ, ಗುಡಿ, ಮರದ ನೆರಳುಗಳಲ್ಲಿ ಪಾಠ ಮಾಡುವಂತೆ ಮಾಡಿತು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಒಂದು ಸಂಗತಿ ತಿಳಿದುಬಂದಿತು: ಮಕ್ಕಳು ಹಂಬಲಿಸಿದ್ದು ಪುಸ್ತಕಕ್ಕಿಂತ ಜೊತೆಗಾರರಿಗಾಗಿ. ನೆರೆಮನೆಯೇ ಕೂಗಳತೆಯ ಆಚೆಗಿರುವ ಘಟ್ಟದಲ್ಲಿ ಈ ಹಂಬಲ ಇನ್ನೂ ಹೆಚ್ಚು.

ಹಾಗೆಂದು ಶಾಲೆಯೇ ಸರಿ, ಮನೆಯೇ ತಪ್ಪು ಎನ್ನುವುದು ಅನ್ಯಾಯವಾಗುತ್ತದೆ. ಮನೆಯನ್ನು ಆರಿಸಿಕೊಂಡವರು ಎತ್ತಿದ ಆಕ್ಷೇಪಗಳಲ್ಲಿ ಬಹುಪಾಲು ನ್ಯಾಯವಾದವು. ಅವಕ್ಕೆ ಶಾಲೆಯೇ ಉತ್ತರ ಕೊಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಆರಂಭವಾದ ‘ನಲಿ-ಕಲಿ’ ಅಂಥದೊಂದು ಉತ್ತರ. ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ವೇಗದಲ್ಲಿ, ಅಣ್ಣತಮ್ಮಂದಿರಂತೆ ಕಲಿಯುವ ಆ ಕ್ರಮವು ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂದಿತು. ಮನೆಯ ಒಳ್ಳೆಯ ಗುಣವನ್ನು ಶಾಲೆಗೆ ತಂದುಕೊಂಡ ಕೆಲಸವಿದು. ಬೋರ್ಡೋ ದ್ರಾವಣವೂ ಹೀಗೆಯೇ ಶಾಲೆಯ ಅಂಗಳಕ್ಕೆ ಬರಬಾರದೇಕೆ? ಮಗನಿಗೆ ಮನೆಯಲ್ಲಿ ಪಾಠ ಹೇಳುವಷ್ಟು ಬಿಡುವೂ ವಿದ್ಯೆಯೂ ಇರುವ ತಂದೆಯು ವಾರಕ್ಕೊಂದು ದಿನ ಊರಶಾಲೆಗೆ ಬಂದು ಚಾಕುವಿನ ಪರೀಕ್ಷೆಯನ್ನು ತೋರಿಸಿದರೆ, ಅವನ ಮಗನೂ ಕೊನೆಗೌಡನ ಮಗನೂ ಅದನ್ನು ಜೊತೆಯಲ್ಲಿ ನೋಡಿಯಾರು.

ಉಳಿದುದು ಹಳ್ಳದ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲಿನಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದು ಹೇಳುತ್ತದೆ. ಅದರ ಸಂಗಡ ಬಂದ ಕೇಂದ್ರದ ಮಾದರಿ ನಿಯಮಗಳು ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆನ್ನುತ್ತವೆ. ಗುಡ್ಡ ಕುಸಿಯುವ, ನೆರೆ ಬರುವ, ದಾರಿಯಿಲ್ಲದ ಸೀಮೆಯಲ್ಲಿ ಆ ದೂರವನ್ನೂ ತಗ್ಗಿಸಿ, ಮಗುವಿಗೆ ಅಪಾಯವಾಗದಂತೆ ಶಾಲೆಯನ್ನು ನೆಲೆಗೊಳಿಸಬೇಕೆಂದೂ ಅವು ಹೇಳುತ್ತವೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಹೋದುದನ್ನು ಕಂಡ ಈ ಸೀಮೆಗೆ ಆ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುಸಂಕಗಳ ಬದಲಿಗೆ ಕಿರುಸೇತುವೆಗಳನ್ನು ಕಟ್ಟುವ ‘ಶಾಲಾ ಸಂಪರ್ಕ ಸೇತು’ ಯೋಜನೆಯನ್ನು ರಾಜ್ಯ ಸರಕಾರವು ಹಾಕಿಕೊಂಡಿತು. ಸೇತುವೆ ಬಂದೆಡೆ ಮಕ್ಕಳು ನಿರ್ಭಯವಾಗಿ ದಾಟುತ್ತಾರೆ. ಬಾರದೆಡೆ, ಜೂನ್ ತಿಂಗಳ ಬೆಳಗಿನಲ್ಲಿ, ತಾಯಂದಿರು ಇನ್ನೂ ದಡದಲ್ಲಿ ನಿಂತು ನೋಡುತ್ತಾರೆ.