ಸಮ್ಮೇಳನದ ಔತಣಕೂಟ ಮತ್ತು ಗ್ರಾಮೀಣ ವಿದ್ಯಾರ್ಥಿ

ತಾಂತ್ರಿಕ ಶಿಕ್ಷಣವು ಇಂದು ಕಲಬುರಗಿ ಸೀಮೆಯ ಸಾಮಾನ್ಯ ರೈತನ ಮನೆಯ ಹೊಸ್ತಿಲನ್ನೂ ತಲುಪಿದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಉನ್ನತ ವ್ಯಾಸಂಗ ಬಯಸಿದ ಇಲ್ಲಿಯ ಯುವಕನು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದತ್ತ ಮುಖ ಮಾಡಬೇಕಾಗಿತ್ತು. ಅಲ್ಲಿಯ ಬೋಧನಾ ಭಾಷೆಯು ಉರ್ದುವಾಗಿತ್ತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಪೂಜ್ಯ ದೊಡ್ಡಪ್ಪ ಅಪ್ಪನವರ ಹೆಸರಿನಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದಾಗ ಆ ಕೊರತೆ ನೀಗಿತು. ತರುವಾಯ ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿಯು ಬಂದು, 2013ರಿಂದ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಹಾಗೂ ರಾಜ್ಯದ ಇತರೆಡೆ ಶೇ. 8ರಷ್ಟು ಸ್ಥಾನಗಳು ಇಲ್ಲಿಯ ಮಕ್ಕಳಿಗೆ ಮೀಸಲಾದವು. ಹೀಗೆ ಕಾಲೇಜಿನ ಬಾಗಿಲು ತೆರೆಯಿತು. ಆದರೆ ಯಾವ ಕಾನೂನೂ ತೆರೆಯಲಾರದ ಇನ್ನೊಂದು ಬಾಗಿಲಿದೆ. ಅದು ವೃತ್ತಿಬಾಂಧವರ ಪರಿಚಯದ ಬಾಗಿಲು.

ಕಮಲಾಪುರ, ಆಳಂದ, ಚಿಂಚೋಳಿಯ ಹಳ್ಳಿಗಳಲ್ಲಿ ಕನ್ನಡ ಶಾಲೆ ಕಲಿತು, ಬ್ರಹ್ಮಪುರದ ಕೋಣೆಯೊಂದರಲ್ಲಿದ್ದು ಓದಿದ ವಿದ್ಯಾರ್ಥಿಯು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನಡೆಯುವ ತಾಂತ್ರಿಕ ಸಮ್ಮೇಳನಕ್ಕೆ ಹೋಗುವುದು ಈಗ ಅಪರೂಪವಲ್ಲ. ಹಗಲಿನ ಗೋಷ್ಠಿಯಲ್ಲಿ ಆತನಿಗೆ ಹೆಚ್ಚಿನ ತೊಡಕಿಲ್ಲ. ಹತ್ತು ಸಲ ಓದಿ ಸಿದ್ಧಪಡಿಸಿಕೊಂಡ ಪ್ರಬಂಧವನ್ನು ಹತ್ತು ನಿಮಿಷಗಳಲ್ಲಿ ಒಪ್ಪಿಸುತ್ತಾನೆ, ಚಪ್ಪಾಳೆಯೂ ಬೀಳುತ್ತದೆ. ತೊಡಕು ಉಂಟಾಗುವುದು ಸಂಜೆಯ ಔತಣಕೂಟದಲ್ಲಿ. ಹಿರಿಯ ಇಂಜಿನಿಯರರು, ಕಾರ್ಖಾನೆಗಳ ವ್ಯವಸ್ಥಾಪಕರು, ಪ್ರಾಧ್ಯಾಪಕರು ತಟ್ಟೆ ಹಿಡಿದು ಅಲ್ಲಲ್ಲಿ ಗುಂಪಾಗಿ ನಿಂತು ಇಂಗ್ಲಿಷಿನಲ್ಲಿ ಮಾತನಾಡುತ್ತಿರುತ್ತಾರೆ. ಯಾವ ಗುಂಪಿನ ಬಳಿ ಹೋಗಬೇಕು, ಮೊದಲ ಮಾತನ್ನು ಹೇಗೆ ಆಡಬೇಕು ಎಂಬುದನ್ನು ಆತನಿಗೆ ಯಾರೂ ಕಲಿಸಿರುವುದಿಲ್ಲ. ತನ್ನ ಊರಿನ ಗೆಳೆಯರೊಡನೆ ಮೂಲೆಯಲ್ಲಿ ಬೇಗಬೇಗ ಊಟ ಮುಗಿಸಿ ವಸತಿಗೆ ಮರಳುತ್ತಾನೆ. ವಿದ್ಯಾರ್ಥಿನಿಯಾದರೆ ರಾತ್ರಿಯ ಹೊತ್ತು ಹಿಂದಿರುಗುವ ಚಿಂತೆಯೂ ಸೇರಿ, ಎಷ್ಟೋ ವೇಳೆ ಔತಣಕ್ಕೆ ಬರುವುದೇ ಇಲ್ಲ. ಮರುದಿನ ಕೈಯಲ್ಲಿ ಪ್ರಮಾಣಪತ್ರವಿರುತ್ತದೆ. ಪರಿಚಯವಾದವರು ಒಬ್ಬರೂ ಇರುವುದಿಲ್ಲ.

ಔತಣವೆಂಬುದು ಕೇವಲ ಆಡಂಬರ, ಅದರಿಂದ ಕಳೆದುಕೊಳ್ಳುವುದೇನು ಎಂದು ಕೆಲವರು ಕೇಳಬಹುದು. ಇಂಜಿನಿಯರಿಂಗ್ ವೃತ್ತಿಯ ಇತಿಹಾಸವು ಬೇರೆಯದನ್ನೇ ಹೇಳುತ್ತದೆ. 1771ರಲ್ಲಿ ಲಂಡನ್ನಿನಲ್ಲಿ ಜಾನ್ ಸ್ಮೀಟನ್ ಮೊದಲಾದವರು ಕಟ್ಟಿದ ಸಿವಿಲ್ ಇಂಜಿನಿಯರುಗಳ ಸಂಘವು ಮೂಲತಃ ಒಂದು ಭೋಜನಕೂಟವೇ ಆಗಿತ್ತು. ಕಾಲುವೆ, ಬಂದರುಗಳ ವಿಚಾರದಲ್ಲಿ ಪಾರ್ಲಿಮೆಂಟಿನ ಮುಂದೆ ಪರಸ್ಪರ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿದ್ದವರು, ಒಂದೇ ಮೇಜಿನಲ್ಲಿ ಉಂಡು ಸ್ನೇಹದಿಂದ ವಿಚಾರ ವಿನಿಮಯ ಮಾಡಿಕೊಳ್ಳಲೆಂದು ಅದನ್ನು ಕಟ್ಟಿದರು. 1818ರಲ್ಲಿ ಸಿವಿಲ್ ಇಂಜಿನಿಯರುಗಳ ಇನ್ನೊಂದು ಪ್ರಸಿದ್ಧ ಸಂಸ್ಥೆಯು ಲಂಡನ್ನಿನ ಕಾಫಿ ಅಂಗಡಿಯೊಂದರಲ್ಲಿ ಸೇರಿದ ತರುಣರಿಂದ ಹುಟ್ಟಿತು. ಭಾರತದಲ್ಲಿ 1920ರಲ್ಲಿ ಸ್ಥಾಪನೆಯಾದ ಇಂಜಿನಿಯರುಗಳ ಸಂಸ್ಥೆಯೂ ಅದೇ ಪರಂಪರೆಯ ಕುಡಿ.

ಉದ್ಯೋಗದ ಸಂಗತಿಯೂ ಇದಕ್ಕೆ ಹೊರತಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬಾಸ್ಟನ್ ಸಮೀಪದ ಊರೊಂದರಲ್ಲಿ ಪರಿಚಿತರ ಮೂಲಕ ಹೊಸ ಕೆಲಸ ಪಡೆದವರ ಲೆಕ್ಕ ಕೊಟ್ಟಿದ್ದಾರೆ. ಅವರಲ್ಲಿ ನಿಕಟವಾಗಿ ಕಾಣುತ್ತಿದ್ದವರಿಂದ ಸುದ್ದಿ ತಿಳಿದವರು ಶೇ. 16.7 ಮಾತ್ರ; ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರಿಂದ ತಿಳಿದವರು ಶೇ. 55.6, ಅಪರೂಪಕ್ಕೆ ಕಾಣುತ್ತಿದ್ದವರಿಂದ ತಿಳಿದವರು ಶೇ. 27.8. ಕಾರಣ ಸರಳವಾದುದು. ನಿತ್ಯ ಜೊತೆಗಿರುವ ಗೆಳೆಯನಿಗೆ ತಿಳಿದಿರುವುದು ಬಹುಮಟ್ಟಿಗೆ ತನಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಊರ ಗೆಳೆಯರ ಗುಂಪಿನಲ್ಲಿಯೇ ಉಂಡೆದ್ದ ವಿದ್ಯಾರ್ಥಿಯು ಕಳೆದುಕೊಳ್ಳುವುದು ಇದನ್ನೇ.

ಇದು ವಶೀಲಿಯನ್ನು ಎತ್ತಿಹಿಡಿಯುವ ಮಾತಲ್ಲವೇ ಎಂಬ ಆಕ್ಷೇಪವು ಸಹಜ. ಆದರೆ ವಶೀಲಿ ಬೇರೆ, ಪರಿಚಯ ಬೇರೆ. ಅರ್ಹತೆಯಿಲ್ಲದವನನ್ನು ಒಳಗೆ ತಳ್ಳುವುದು ವಶೀಲಿ. ಅರ್ಹನಾದವನು ಇದ್ದಾನೆಂದು ತಿಳಿಸುವುದು ಪರಿಚಯ. ಮೊದಲನೆಯದನ್ನು ಖಂಡಿಸುವ ಭರದಲ್ಲಿ ಎರಡನೆಯದನ್ನೂ ದೂರವಿಟ್ಟರೆ, ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ನಷ್ಟವಿಲ್ಲ. ಅವರಿಗೆ ಪರಿಚಯವು ಮನೆಯಲ್ಲಿಯೇ ದೊರೆಯುತ್ತದೆ. ನಷ್ಟವಾಗುವುದು ಹಳ್ಳಿಯ ಮಗುವಿಗೆ. ಮೌನವಾಗಿರುವುದೇ ವಿನಯವೆಂಬ ತಪ್ಪು ತಿಳಿವಳಿಕೆಯನ್ನೂ ಬಿಡಬೇಕು. ಹಿರಿಯರಿಗೆ ವಂದಿಸಿ, ತಿಳಿಯದುದನ್ನು ಕೇಳುವುದೂ ವಿನಯವೇ.

ಮಾತನಾಡಲು ತನ್ನಲ್ಲಿ ಏನಿದೆ ಎಂದು ಈ ನಾಡಿನ ವಿದ್ಯಾರ್ಥಿಯು ಕುಗ್ಗಬೇಕಾಗಿಲ್ಲ. ಕರಿ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು, ಮನೆಯ ಗೋಡೆಯನ್ನು ಸೀಳುವುದನ್ನು ಆತನು ಬಾಲ್ಯದಿಂದ ಕಂಡಿದ್ದಾನೆ. ಆ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ತಳದಲ್ಲಿ ದಪ್ಪಗಿರುವ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂಪಿಸಿತು. ಶಹಾಬಾದಿನ ಕಲ್ಲು, ವಾಡಿಯ ಸಿಮೆಂಟು, ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಗುಮ್ಮಟಗಳ ಮಾಡಿನಡಿ ನಿಂತಿರುವ ಕಲಬುರಗಿ ಕೋಟೆಯ 1367ರ ಜಾಮಾ ಮಸೀದಿ, ಇವೆಲ್ಲ ಯಾವ ಇಂಜಿನಿಯರನೂ ಕುತೂಹಲದಿಂದ ಕೇಳುವ ವಿಷಯಗಳು. ಕೊರತೆ ವಿಷಯದ್ದಲ್ಲ, ಅಭ್ಯಾಸದ್ದು.

ಆ ಅಭ್ಯಾಸವನ್ನು ಶಾಲೆಯಲ್ಲಿಯೇ ಆರಂಭಿಸಬೇಕು. ವಾರಕ್ಕೊಂದು ತಾಸು ಹೊರಗಿನವರೊಬ್ಬರನ್ನು ಕರೆಸಿ, ಮಕ್ಕಳೇ ಅವರಿಗೆ ಪ್ರಶ್ನೆ ಕೇಳುವಂತಾಗಲಿ; ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ. ತಪ್ಪಾಡಿದಾಗ ನಗದಿರುವ ಹೊಣೆ ಶಿಕ್ಷಕರದು. ದಾನಿಗಳು ಚಿನ್ನದ ಪದಕಗಳಿಗೆ ನಿಧಿ ಇಡುತ್ತ ಬಂದಿರುವುದು ಸ್ತುತ್ಯವಾದುದು. ಅದರೊಡನೆ ಸಮ್ಮೇಳನದ ಶುಲ್ಕ ಹಾಗೂ ಪ್ರಯಾಣದ ವೆಚ್ಚಕ್ಕೂ, ವಿದ್ಯಾರ್ಥಿನಿಯರ ಜೊತೆಗೆ ಶಿಕ್ಷಕಿಯೊಬ್ಬರನ್ನು ಕಳುಹಿಸುವುದಕ್ಕೂ ಒಂದು ನಿಧಿ ಬೇಕು.

ಎಲ್ಲಕ್ಕಿಂತ ಮಿಗಿಲಾದ ಹೊಣೆ ಹಳೆಯ ವಿದ್ಯಾರ್ಥಿಗಳದು. ಇಲ್ಲಿ ಕಲಿತು ಇಂಜಿನಿಯರಾದವರು ಅಂಥ ಸಭೆಗಳಲ್ಲಿ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬೊಬ್ಬರು ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗೆ ಕರೆದೊಯ್ದು, ಹೆಸರು ಹೇಳಿ, ಅವರು ಮಾಡಿದ ಕೆಲಸ ಹೇಳಿ, ನಾಲ್ವರಿಗೆ ಪರಿಚಯಿಸಿದರೆ ಸಾಕು; ಐದನೆಯವರೊಡನೆ ಅವರೇ ಮಾತನಾಡುವರು. ದಾಸೋಹದ ಪಂಕ್ತಿಯಲ್ಲಿ ಕೊನೆಗೆ ಕುಳಿತವನ ಎಲೆಯತ್ತಲೂ ಕಣ್ಣಿಡುವುದು ಬಡಿಸುವವನ ಧರ್ಮವೆಂಬುದನ್ನು ಶರಣಬಸವೇಶ್ವರರ ಸನ್ನಿಧಿಯ ನೆರಳಿನಲ್ಲಿ ಬೆಳೆದವರಿಗೆ ಬೇರೆ ಹೇಳಬೇಕಾಗಿಲ್ಲ. ಮುಂದಿನ ಸಮ್ಮೇಳನದ ಆಹ್ವಾನ ಬಂದಾಗ, ತಮ್ಮೊಡನೆ ಬರುವ ಇಬ್ಬರು ಯಾರೆಂದು ಅವರು ಶಾಲೆಯನ್ನು ಕೇಳಲಿ.